ಬೆಳ್ಳಗಾಗದ ಎಲೆ

ನಲವತ್ತು ಬಾಟಲಿ. ನಲವತ್ತರಲ್ಲೂ ಸಸಿ ಸತ್ತು ಕಂದಿತ್ತು.

ಶಿಗ್ಗಾಂವಿ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಫಕ್ಕೀರಪ್ಪ ಬಾಗಿಲಲ್ಲೇ ಮೂಗು ಮುಚ್ಚಿಕೊಂಡ. ಕೋಣೆ ತುಂಬ ಫಿನಾಯಿಲ್ ವಾಸನೆ; ಪ್ರತಿ ಬಾಟಲಿಯೊಳಗೂ ಯಾರೋ ಅದನ್ನು ಸುರಿದಿದ್ದರು. ಸವಣೂರು ರಸ್ತೆಯ ಈ ಬೀಜದ ಕಂಪನಿಯ ಪ್ರಯೋಗಶಾಲೆಯೊಳಗೆ ಅವನು ಕಾಲಿಟ್ಟದ್ದು ಇದೇ ಮೊದಲು. 1988ರ ಶ್ರಾವಣ.

"ಎರಡು ವರ್ಷದ ಕೆಲಸರಿ," ಎಂದ ವಿಜ್ಞಾನಿ ವಾದಿರಾಜ. "ಹುಳ ಮುಟ್ಟದ ತಂಬಾಕು. ನಾಳೆ ದೊಡ್ಡ ದೊಡ್ಡವರು ಪರೀಕ್ಷೆ ಮಾಡಲಿಕ್ಕೆ ಬರೋರಿದ್ರು."

"ಯಾರ ಮ್ಯಾಲ ಸಂಶಯ?"

"ಬೀಗ ಮುರದಿಲ್ಲ. ಕೀಲಿ ನನ್ನ ಕಡೆ ಒಂದು, ಕಸ ಹೊಡಿಯೋ ಶಂಕ್ರವ್ವನ ಕಡೆ ಒಂದು. ನಿನ್ನೆ ಆಕೀಗೆ ಬೈದಿದ್ದೆ. ಫಿನಾಯಿಲ್ ಡಬ್ಬಿನೂ ಆಕೀ ಕಡೇನ ಇರ್ತದ."

ಕಾವಲುಗಾರ ಬಂದೇಸಾಬನ ಚಪ್ಪಲಿಯಲ್ಲೂ ಅದೇ ವಾಸನೆ. ಫಕ್ಕೀರಪ್ಪ ಅವನ ಕೊರಳಪಟ್ಟಿ ಹಿಡಿದ.

"ಬೆಳಿಗ್ಗೆ ಶಂಕ್ರವ್ವ ಒದರಿದಳ್ರಿ, ಒಳಗ ಓಡಿದೆ," ಎಂದ ಅವನು. "ನೆಲಾ ಎಲ್ಲಾ ಹಸಿ ಇತ್ತು. ನನಗೆಲ್ಲಿ ಕೀಲಿ ಕೊಡ್ತಾರ್ರಿ ಇವರು?"

ಅದು ನಿಜವೇ ಆಗಿತ್ತು. ಶಂಕ್ರವ್ವ ಗೋಡೆಗೆ ಒರಗಿ ಕೂತಿದ್ದಳು.

"ಲಾಕಪ್‌ಗೆ ಹಾಕ್ರಿ ಬೇಕಾರ," ಎಂದಳು. "ಆದ್ರ ಈ ಕೆಲಸ ಕಳೀಬ್ಯಾಡ್ರಿ. ಸುಗ್ಗಿ ಮುಗದ ಮ್ಯಾಲೂ ಒಲಿ ಉರಿಯೂದು ಇದರ ಮ್ಯಾಲರಿ."

*

"ನಾ ಹಳ್ಳಿ ಸಾಲ್ಯಾಗ ಕಲತಾಂವ," ಫಕ್ಕೀರಪ್ಪ ವಾದಿರಾಜನನ್ನು ಗದರಿದ. "ತಿಳಿಯೂ ಹಂಗ ಹೇಳ್ರಿ. ಏನಿತ್ತು ಇದರಾಗ?"

"ಗಿಡಕ್ಕ ಗಂಟು ಬರಿಸೋ ಒಂದು ಸೂಕ್ಷ್ಮಜೀವಿ ಅದರಿ. ಅದು ತನ್ನ ಗುಣಾನ ಗಿಡದೊಳಗ ಸೇರಸ್ತದ. ನಾವು ಅದರ ಗಂಟಿನ ಗುಣ ತಗದು, ನಮಗ ಬೇಕಾದ ಗುಣಾನೂ, ಒಂದು ಔಷಧ ತಡಕೊಳ್ಳೋ ಗುಣಾನೂ ಇಡ್ತೇವಿ. ಎಲಿ ಚೂರುಗಳನ್ನ ಅದರೊಳಗ ಅದ್ದತೇವಿ."

"ಎಲ್ಲಾ ಚೂರಿಗೂ ಹತ್ತತೈತೇನು?"

"ಎಲ್ಲಿದು. ನೂರಕ್ಕ ಐದಾರು. ಅದಕ್ಕ ಬಾಟಲಿಯೊಳಗಿನ ಜೆಲ್ಲಿಗೆ ಆ ಔಷಧ ಕೂಡಸ್ತೇವಿ. ಕ್ಷಯರೋಗಕ್ಕ ಕೊಡ್ತಾರಲ್ಲ, ಅದ. ಗುಣ ಹತ್ತಿದ ಚೂರು ಹಸಿರಾಗಿ ಚಿಗೀತದ. ಉಳಿದವು ಬೆಳ್ಳಗಾಗಿ ಸಾಯ್ತಾವ. ಅವನ್ನ ಚೆಲ್ಲತೇವಿ."

"ಒಂದು ಬಾಟಲಿ ತಗದು ತೋರಸ್ರಿ."

ವಾದಿರಾಜ ಒಂದು ಬಾಟಲಿಯ ಬಾಯಿಗೆ ತುರುಕಿದ್ದ ಹತ್ತಿಯ ಬಿರಡೆ ಎಳೆದ. ನಲವತ್ತಕ್ಕೂ ಹಾಗೇ ಬಿರಡೆ ಇತ್ತು. ಎಳೆದ ಬಿರಡೆಯನ್ನು ಕೆಳಗಿಡಲಿಲ್ಲ. ಕಿರುಬೆರಳು ಮಡಚಿ ಅದರಲ್ಲೇ ಹಿಡಿದ. ಸತ್ತ ಸಸಿ ತೋರಿಸಿ ಮತ್ತೆ ಬಿರಡೆ ಹಾಕಿದ.

"ಕೆಳಗ ಯಾಕ ಇಡಲಿಲ್ಲ?"

"ಬೂಷ್ಟು ಹತ್ತತದರಿ. ಕೈಗೆ ರೂಢಿ ಆಗೇದ."

*

ಹೊರಗೆ ಫಕ್ಕೀರಪ್ಪ ಶಂಕ್ರವ್ವನ ಕೈಗೊಂದು ಬಾಟಲಿ ಕೊಟ್ಟ. "ತಗಿ ಇದನ್ನ."

ಅವಳು ಬಿರಡೆ ಕಿತ್ತು ಕಟ್ಟೆಯ ಮೇಲಿಟ್ಟಳು. ತಿರುಗಿ ಹಾಕಲಿಲ್ಲ.

"ಇಲ್ಲಿ ಕಸ ಯಾರು ಚೆಲ್ಲೂದು?"

"ನಾನಽರಿ. ಒಂದೂವರಿ ವರ್ಸಾತು."

"ಬೆಳ್ಳಗಾದ ಎಲಿ ಎಷ್ಟು ಚೆಲ್ಲೀದಿ?"

"ಬೆಳ್ಳಗಾದದ್ದು? ಹಂತಾದು ನೋಡೇ ಇಲ್ರಿ. ಬೂಷ್ಟು ಹಿಡದದ್ದು ಚೆಲ್ಲೇನಿ. ಎಲಿ ಎಲ್ಲಾ ಹಸರನ ಇರತಿದ್ವು."

*

"ಹಾಳು ಮಾಡಾಕ ಬಂದಾಕಿ ನಲವತ್ತು ಬಾಟಲಿಗೂ ತಿರುಗಿ ಬಿರಡಿ ಹಾಕತಾಳೇನು?" ಫಕ್ಕೀರಪ್ಪ ಒಳಗೆ ಬಂದು ವಾದಿರಾಜನನ್ನು ಕೇಳಿದ. "ಹತ್ತಿ ಒಣಾ ಐತಿ. ಕೆಳಗಿಟ್ಟಿದ್ರ ನೆಲದಾಗಿನ ಫಿನಾಯಿಲ್ ಹೀರತಿತ್ತು. ಸಾಯೂ ಸಸಿಗೂ ಬೂಷ್ಟು ಹತ್ತಬಾರದು ಅಂತ ಮುಚ್ಚಿದ್ದು ನಿಮ್ಮ ಕಿರುಬೆರಳು."

ವಾದಿರಾಜ ತನ್ನ ಕೈ ನೋಡಿಕೊಂಡ.

"ನೂರಕ್ಕ ತೊಂಬತ್ತರ ಮ್ಯಾಲ ಬೆಳ್ಳಗಾಗಬೇಕು. ಕಸದಾಗ ಒಂದೂ ಬಿದ್ದಿಲ್ಲ. ಅಂದ್ರ ನೀವು ಔಷಧಾನ ಹಾಕಿಲ್ಲ. ಸಾದಾ ತಂಬಾಕು ಬೆಳಸಿ ಕಂಪನಿಗೆ ತೋರಿಸೀರಿ. ನಾಳೆ ಬರೋರು ಔಷಧದಾಗ ಇಟ್ಟು ನೋಡಿದ್ರ ಬಯಲಾಗತಿತ್ತು."

"ಆಕಿ ಬರೂಕಿಂತ ಮೊದಲು ಹಾಕಿದ್ದೆರಿ," ವಾದಿರಾಜ ಸ್ಟೂಲಿನ ಮೇಲೆ ಕುಸಿದ. "ಎಲ್ಲಾ ಬೆಳ್ಳಗಾದ್ವು. ಮತ್ತ ಹಾಕಿದೆ, ಮತ್ತ ಸತ್ವು. ಕಂಪನಿಯವರು ದಿನಾ ಫೋನ್ ಮಾಡ್ತಿದ್ರು. ಏನು ತೋರಸ್ಲಿ?"

"ಅದಕ್ಕ ಆಕೀನ ಜೇಲಿಗೆ ಕಳಸೂದೇನು?"

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಕಂಪನಿಯ ಮಾಲೀಕನ ಫೋನು. ಫಕ್ಕೀರಪ್ಪ ಎಲ್ಲ ಹೇಳಿದ. ಆ ಕಡೆಯ ದನಿ ತಣ್ಣಗಿತ್ತು. ಸಸಿ ನಮ್ಮವು, ದೂರು ವಾಪಸ್. ಪೇಪರಿಗೆ ಹೋಗುವುದು ಬೇಡ. ವಾದಿರಾಜನ ರಾಜೀನಾಮೆ ಬರೆಸಿಕೊಳ್ಳುತ್ತೇವೆ. ಪ್ರಯೋಗಶಾಲೆ ಇವತ್ತಿಗೇ ಬಂದ್.

ಫಕ್ಕೀರಪ್ಪ ಕೂಗಾಡಿದ. ಫೋನು ಆಗಲೇ ಕಟ್ಟಾಗಿತ್ತು.

ವಾದಿರಾಜ ಚೀಲ ಹೆಗಲಿಗೇರಿಸಿ ಹುಬ್ಬಳ್ಳಿ ಬಸ್ಸಿಗೆ ನಡೆದ. ಬಂದೇಸಾಬ ಬಾಗಿಲೆಳೆದು ಬೀಗ ಹಾಕಿದ. ಹೊರಗೆ ಕಟ್ಟೆಯ ಮೇಲೇ ಕೂತಿದ್ದ ಶಂಕ್ರವ್ವ ಕಣ್ಣೊರೆಸಿಕೊಂಡು ಎದ್ದಳು. ಅವಳ ಮುಖ ಅರಳಿತ್ತು.

"ನಾ ಮಾಡಿಲ್ಲ ಅಂತ ಆತಲ್ರಿ ಸಾಹೇಬ್ರ. ನಾಳಿ ಎಷ್ಟೊತ್ತಿಗೆ ಬರ್ಲಿ?"

ಫಕ್ಕೀರಪ್ಪ ಬಂದೇಸಾಬನ ಮುಖ ನೋಡಿದ. ಬಂದೇಸಾಬ ಬೀಗವನ್ನೇ ಮತ್ತೊಮ್ಮೆ ಜಗ್ಗಿ ನೋಡುತ್ತ ನಿಂತ.