ಖಾಲಿ ಕುರ್ಚಿಯತ್ತ ಒಂದು ನೋಟ

"ಬಾಗಿಲು ಮುಚ್ಚಿ!"

ಅವಳು ಕೂಗುವಷ್ಟರಲ್ಲಿ ಹಗಲಿನ ಬೆಳಕು ಕತ್ತಲೆ ಕೋಣೆಯೊಳಗೆ ನುಗ್ಗಿಯಾಗಿತ್ತು. ಮಂದ ಕೆಂಪು ದೀಪದಡಿ ವಾರಗಟ್ಟಲೆ ಕಾಪಾಡಿದ್ದ ಗಾಜಿನ ತಟ್ಟೆಗಳ ಮೇಲೂ ಬಿದ್ದಾಗಿತ್ತು.

ಆ ತಟ್ಟೆಗಳಲ್ಲಿದ್ದದ್ದು ಕಣ್ಣಿನ ಒಳಪರದೆಯ ಜೀವಕೋಶಗಳು. ಅತಿಯಾದ ಬೆಳಕು ಅವುಗಳನ್ನು ಹೇಗೆ ಕೊಲ್ಲುತ್ತದೆ ಎಂಬುದೇ ನಮ್ಮ ವಿಜ್ಞಾನಿಯ ಸಂಶೋಧನೆ. ಎಷ್ಟು ಬೆಳಕು, ಎಷ್ಟು ಹೊತ್ತು, ಎಲ್ಲವೂ ಅವಳ ಹತೋಟಿಯಲ್ಲಿರಬೇಕು. ಈಗ ಅಷ್ಟೂ ಕೆಲಸ ಮಣ್ಣುಪಾಲು.

"ಬಾಗಿಲ ಮೇಲೆ ಅಷ್ಟು ದೊಡ್ಡದಾಗಿ ಬರೆದಿದೆಯಲ್ಲ, ಒಳಗೆ ಬರಬೇಡಿ ಅಂತ?"

"ಕಾಣಲಿಲ್ಲ" ಎಂದ ಬಾಗಿಲು ತೆರೆದವನು, ಅವಳ ಮುಖವನ್ನೂ ನೋಡದೆ.

ಎಂಥ ಸೊಕ್ಕು... ಅವಳ ಮೈಯೆಲ್ಲ ಉರಿದುಹೋಯಿತು.

ಅವನು ಪ್ರಯೋಗಾಲಯದ ಯಂತ್ರಗಳ ರಿಪೇರಿಗೆ ಬಂದ ಹೊಸ ಮೆಕ್ಯಾನಿಕ್. ಆ ಸಂಜೆ ಯಾರೂ ಹೇಳದೆಯೇ ಮತ್ತೆ ಬಂದು, ಬಾಗಿಲಿಗೆ ಹೊಸ ಒಳಚಿಲಕ ಜೋಡಿಸಿ, ದಪ್ಪ ಕಪ್ಪು ಪರದೆ ಕಟ್ಟಿಕೊಟ್ಟ. ಬಾಗಿಲಿಗೇನೋ ಚಿಲಕ ಬಿತ್ತು. ಅವಳ ಮನಸ್ಸಿಗೆ ಹಾಕುವವರು ಯಾರು?

ಸರಿಯಾಗಿದ್ದ ಯಂತ್ರಗಳೂ ಅವಳಿಗೆ ಸದ್ದು ಮಾಡಿದಂತೆ ಕೇಳಿಸತೊಡಗಿದವು. ಕರೆದಾಗಲೆಲ್ಲ ಅವನು ಬರುತ್ತಿದ್ದ. ಯಂತ್ರದ ಮೇಲೆ ಅಂಗೈಯಿಟ್ಟು ಅದರ ಕಷ್ಟಸುಖ ವಿಚಾರಿಸಿ, ಇದಕ್ಕೇನೂ ಆಗಿಲ್ಲ ಮೇಡಂ ಎಂದು ನಗುತ್ತಿದ್ದ. ಆಮೇಲೆ ಅವಳ ಮೇಜಿನೆದುರು ನಿಂತು ಹರಟುತ್ತಿದ್ದ.

ಆದರೆ ಒಂದು ದಿನವೂ ಅವಳನ್ನು ನೋಡಲಿಲ್ಲ. ಅವನ ಕಣ್ಣು ಸದಾ ಅವಳ ಎಡಭುಜದಾಚೆಗೇ ಇರುತ್ತಿತ್ತು. ಅಲ್ಲಿ ಕೂರುತ್ತಿದ್ದವಳು ಅವಳ ಸಹೋದ್ಯೋಗಿ. ಎಲ್ಲರೂ ಮಾತಿನಮಲ್ಲಿ ಎಂದು ಕರೆಯುವ ಚೆಲುವೆ.

ಅರ್ಥವಾಗದೇ ಇರಲು ನಮ್ಮ ವಿಜ್ಞಾನಿಯೇನು ಚಿಕ್ಕ ಮಗುವೇ? ಅವನು ಆ ಕಡೆ ನೋಡಿದಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಊಟ ಮುಟ್ಟದೆ ಕೂತವಳನ್ನು ಅಕ್ಕ ಬಿಡದೆ ಕೆದಕಿದಾಗ, ಅವನ ಕಣ್ಣು ಬೇರೆ ಕಡೆ ಇದೆ ಎಂದಷ್ಟೇ ಹೇಳಿದಳು.

"ಕಣ್ಣು ತಾನೇ?" ಎಂದಳು ಅಕ್ಕ. "ಮನಸ್ಸು ಎಲ್ಲಿದೆ ಅಂತ ಕೇಳಿದ್ಯೇನೇ?"

ಕೇಳುವ ಮೊದಲೇ ಸುದ್ದಿ ಬಂತು. ಅವನಿಗೆ ಬೇರೆ ಊರಿನ ಶಾಖೆಗೆ ವರ್ಗ.

ಹೊರಡುವ ಮುನ್ನ ಹೇಳಿಹೋಗಲು ಬಂದವನು ಎಂದಿನಂತೆ ಮೇಜಿನೆದುರು ನಿಂತ. ಎಂದಿನಂತೆ ಸಹೋದ್ಯೋಗಿಯ ಕುರ್ಚಿಯ ಕಡೆಗೇ ಕಣ್ಣು.

"ಅವಳು ಇವತ್ತೇ ರಜೆ ಹಾಕಿದ್ದಾಳೆ. ಏನಾದ್ರೂ ಹೇಳೋದಿದ್ರೆ ಹೇಳಿ, ನಾನು ತಿಳಿಸ್ತೀನಿ."

"ಓ, ಅವರು ಬಂದಿಲ್ವಾ? ಗೊತ್ತೇ ಆಗ್ಲಿಲ್ಲ."

ಗೊತ್ತಾಗಲಿಲ್ಲವೇ? ಖಾಲಿ ಕುರ್ಚಿಯನ್ನೇ ನೋಡುತ್ತ ನಿಂತವನಿಗೆ!

ಬಾಗಿಲ ಮೇಲಿನ ದೊಡ್ಡ ಅಕ್ಷರಗಳು ನೆನಪಾದವು. ಕಾಣಲಿಲ್ಲ ಎಂದಿದ್ದ ಅವನು... ಅಂದು ನಿಜವನ್ನೇ ಹೇಳಿದ್ದನೇ?

"ಒಂದ್ಸಲ ನನ್ನನ್ನ ನೇರವಾಗಿ ನೋಡ್ತೀರಾ?"

ಅವನು ಹಿಂಜರಿದು ಕಣ್ಣು ತಿರುಗಿಸಿದ. ಎಷ್ಟು ದಿನಗಳಿಂದ ಹಂಬಲಿಸಿದ್ದ ನೋಟ ಅದು! ಈಗ ಎದುರಿಗಿದ್ದರೂ ಅದರಲ್ಲಿ ಅವಳಿರಲಿಲ್ಲ.

"ಏನು ಕಾಣ್ತಿದೆ?"

"ಒಂದು ಬೂದು ಮಚ್ಚೆ. ಸುತ್ತ ನಿಮ್ಮ ಕೂದಲು."

"ಆ ಕಡೆ ನೋಡಿದ್ರೆ?"

ಅವನ ಕಣ್ಣು ಮತ್ತೆ ಖಾಲಿ ಕುರ್ಚಿಯತ್ತ ಸರಿಯಿತು.

"ನೀವು."

ಚಿಕ್ಕಂದಿನಲ್ಲಿ ಗೆಳೆಯರೊಡನೆ ಪಂದ್ಯ ಕಟ್ಟಿ, ಗ್ರಹಣದ ಸೂರ್ಯನನ್ನು ಬರಿಗಣ್ಣಲ್ಲಿ ನೋಡಿದ್ದನಂತೆ. ಅಂದು ನೋಟದ ನಟ್ಟನಡುವೆ ಸುಟ್ಟದ್ದು ಮತ್ತೆ ಸರಿಹೋಗಲಿಲ್ಲ. ಯಾವುದನ್ನು ನೋಡಬೇಕೋ ಅದರ ಪಕ್ಕಕ್ಕೆ ನೋಡಿದರೆ ಮಾತ್ರ ಕಾಣುತ್ತದೆ ಎಂದ. ದಿನವಿಡೀ ಅಂಥ ಕೋಶಗಳನ್ನೇ ನೋಡುವ ತನಗೆ ಕಣ್ಣೆದುರಿನ ಕಣ್ಣು ತಿಳಿಯಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಡ್ತೀರಿ ಅನ್ನಿಸ್ತು. ಆಮೇಲೆ, ನಾನು ನೋಡಿದಾಗೆಲ್ಲ ನೀವು ಮುಖ ತಿರುಗಿಸ್ತಿದ್ರಿ. ಅದಕ್ಕೇ ನಾನೇ ಕೇಳಿ ವರ್ಗ ಮಾಡಿಸ್ಕೊಂಡೆ."

"ಸತ್ತ ಕೋಶಗಳನ್ನ ಬದುಕಿಸೋಕೆ ನನಗಿನ್ನೂ ಬರಲ್ಲ..."

"ನಾನು ಕೇಳಿದ್ನಾ?"

"ನೀವು ಏನನ್ನೂ ಕೇಳ್ಲಿಲ್ಲ. ಈಗ ನಾನು ಕೇಳ್ತಿದ್ದೀನಿ. ಹೋಗ್ಬೇಡಿ."

ಅವನು ಹೂಂ ಎಂದ. ಇಷ್ಟು ದಿನ ಹೊಟ್ಟೆಕಿಚ್ಚುಪಟ್ಟಿದ್ದ ಆ ಕುರ್ಚಿಯ ಮೇಲೇ ಅವಳು ಹೋಗಿ ಕೂತಳು.

"ಅಲ್ಲಿ ಬೇಡ" ಎಂದ ಅವನು ಮೆಲ್ಲಗೆ. "ಅಲ್ಲಿ ಕೂತ್ರೆ ನೀವು ಕಾಣಲ್ಲ."

ಅವಳು ಕಣ್ಣೊರೆಸಿಕೊಂಡು ತನ್ನ ಜಾಗಕ್ಕೆ ಮರಳಿದಳು.

"ಈಗ?"

"ಸ್ವಲ್ಪ ಮಸುಕು. ಆದ್ರೆ ನೀವೇ."

"ಹಾಗಾದ್ರೆ ಆ ಕುರ್ಚಿಯನ್ನೇ ನೋಡ್ತಾ ಇರಿ" ಎಂದಳು ಅವಳು.