ಹೆಡ್‌ಫೋನ್ ವಾಪಸು ತರುವವಳು

"ಇದೂ ಕೆಲಸಕ್ಕೆ ಬರಲ್ಲ!"

ಅವಳು ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದ ರಭಸಕ್ಕೆ ಅಂಗಡಿಯ ಸ್ಪೀಕರುಗಳೆಲ್ಲ ಉಸಿರು ಬಿಗಿಹಿಡಿದವು. ಸುಳ್ಳೆಂದರೆ ನನ್ನ ಕಿವಿ ಕತ್ತರಿಸಿ.

ಸೇಲ್ಸ್‌ಮನ್ ಮಾತ್ರ ನಕ್ಕ. ನಕ್ಕರೆ ಅವನ ಕೆನ್ನೆಯಲ್ಲೊಂದು ಗುಳಿ. ಕೊಡ ಮುಳುಗಿಸಿ ನೀರು ಸೇದಬಹುದಾದಷ್ಟು ಆಳ. ಅವಳ ಸಿಟ್ಟಿನಲ್ಲಿ ಅರ್ಧ ಹೆಡ್‌ಫೋನಿನ ಮೇಲೆ, ಅರ್ಧ ಆ ಗುಳಿಯ ಮೇಲೆ.

"ಮೂರನೇದು ಅಲ್ವಾ?"

"ಲೆಕ್ಕ ಬೇರೆ ಇಡ್ತೀರಾ? ಮಾರೋದು ನೀವು, ತಲೆ ಸಿಡಿಯೋದು ನಂದು!"

ಡಾಕ್ಟರುಗಳು ಗೊಣಗಿ ಕಳಿಸಿದ ರೆಕಾರ್ಡಿಂಗ್ ಕೇಳಿ ವರದಿ ಟೈಪ್ ಮಾಡುವುದು ಅವಳ ಕೆಲಸ. ಮನೆಯಲ್ಲೇ ಕೂತು ಕೆಲಸ ಮಾಡುವ ಕೋಣೆಯ ಕೆಳಗೇ ಐಸ್‌ಕ್ರೀಮ್ ಗೋದಾಮು. ಅದರ ಕಂಪ್ರೆಸರ್ ಹಗಲೆಲ್ಲ ಗುಂಯ್ ಎಂದು ಕೊರೆದು ಕೊರೆದು, ಗೋಡೆಯ ಹಲ್ಲಿಗಳೂ ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದವು. ವರದಿಗಳಲ್ಲಿ ತಪ್ಪು ಹೆಚ್ಚಾಗಿ, ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಆಫೀಸಿನವರು ಹೇಳಿಯಾಗಿತ್ತು. ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಅವನು ಇನ್ನೊಂದು ಜೊತೆ ತೆಗೆದ. "ನೋಡಿ, ಹೊರಗಡೆ ಪುಟ್ಟ ಮೈಕ್ ಇದೆ. ಸದ್ದು ಕೇಳಿಸ್ಕೊಂಡು ಅದಕ್ಕೆ ಸರೀ ಉಲ್ಟಾ ಸದ್ದು ಹುಟ್ಟಿಸುತ್ತೆ. ಆ ಅಲೆ ಏರಿದಾಗ ಈ ಅಲೆ ಇಳಿಯುತ್ತೆ. ಎರಡೂ ಸೇರಿದ್ರೆ ಸೊನ್ನೆ."

"ಇಬ್ಬರು ಜಗಳಗಂಟರನ್ನ ಒಂದೇ ರೂಮಲ್ಲಿ ಕೂಡಿಹಾಕಿದ ಹಾಗೆ."

"ಹ್ಞಾಂ! ಫ್ಯಾನು, ಮೋಟರು, ಒಂದೇ ಸಮ ಗುಂಯ್ ಅನ್ನೋದಕ್ಕೆ ಇದೇ ಮದ್ದು. ಮನುಷ್ಯರ ಮಾತು ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲ್ಲ."

"ನಮ್ಮ ಚಿಕ್ಕಮ್ಮನ ಮಾತು ಯಾವ ಮಷೀನಿಗೂ ಬಗ್ಗಲ್ಲ ಬಿಡಿ."

"ಇದು ಹಗುರ, ದಿನವಿಡೀ ಹಾಕ್ಕೋಬಹುದು. ಕುಶನ್ ಕಿವಿ ಸುತ್ತ ಪೂರ್ತಿ ಕೂರಬೇಕು..." ತಾನೇ ಅವಳ ತಲೆಗೆ ತೊಡಿಸಿದ. ಅವನ ಬೆರಳು ಕಿವಿಯ ಹತ್ತಿರ ಬಂದು ತಡೆದು ನಿಂತಿತು. ಏನೋ ಹೇಳಲು ತೆರೆದ ಬಾಯಿ ಹಾಗೇ ಮುಚ್ಚಿತು. ಅವಳ ಕೆನ್ನೆ ಕಾದ ಬಿಸಿಗೆ ಪ್ಲಾಸ್ಟಿಕ್ ಕರಗದೆ ಉಳಿದದ್ದೇ ಪುಣ್ಯ.

ಮನೆಗೆ ಬಂದು ಹಾಕಿಕೊಂಡರೆ ಮತ್ತೆ ಗುಂಯ್!

"ಇದನ್ನೂ ವಾಪಸ್ ಕೊಡ್ತೀಯೇನೇ?" ಬಾಗಿಲಲ್ಲಿ ಚಿಕ್ಕಮ್ಮ. "ನೋಡೋಕೆ ಬಂದ ಗಂಡುಗಳನ್ನೂ ನೀನು ಇಷ್ಟು ಸಲ ತಿರುಗಿಸಿ ಕಳಿಸಿಲ್ಲ."

"ಸುಮ್ನಿರು ಚಿಕ್ಕಮ್ಮ!"

ಸಿಟ್ಟಿಗೆ ಕಣ್ಣಲ್ಲಿ ನೀರು ತುಂಬಿತು. ಒರೆಸಲೆಂದು ಕನ್ನಡಕ ತೆಗೆದಳು. ನಿಶ್ಶಬ್ದ. ಇರುವೆ ಆಕಳಿಸಿದರೂ ಕೇಳುವಂಥ ನಿಶ್ಶಬ್ದ. ಕನ್ನಡಕ ಹಾಕಿದಳು: ಗುಂಯ್. ತೆಗೆದಳು: ನಿಶ್ಶಬ್ದ. ಅದರ ದಪ್ಪ ಕಡ್ಡಿ ಕುಶನ್ನನ್ನು ಎತ್ತಿಹಿಡಿದಿತ್ತು. ಆ ಸಂದಿನಲ್ಲಿ ಕಂಪ್ರೆಸರ್ ಇಡಿಯಾಗಿ ಒಳನುಗ್ಗುತ್ತಿತ್ತು.

ಅವನ ಬೆರಳು ತಡೆದದ್ದು ಅಲ್ಲೇ!

ಅವಳು ಅಂಗಡಿಗೆ ನಡೆದ ವೇಗಕ್ಕೆ ಬೀದಿಯ ಬಸ್ಸುಗಳೇ ಬದಿಗೆ ಸರಿದವು.

"ಕನ್ನಡಕದ ಕಡ್ಡಿ. ಗೊತ್ತಿತ್ತಾ ನಿಮಗೆ?"

ಅವನು ನಗಲಿಲ್ಲ. "ಮೊದಲನೇ ದಿನಾನೇ."

"ಮತ್ತೆ ಹೇಳೋಕೇನು ಧಾಡಿ?"

"ಹೇಳಿದ್ರೆ ತೆಳು ಕಡ್ಡೀದು ಮಾಡಿಸ್ಕೊಂಡು ಆರಾಮಾಗಿ ಇದ್ದುಬಿಡ್ತಿದ್ರಿ. ಆಮೇಲೆ ಇಲ್ಲಿಗ್ಯಾಕೆ ಬರ್ತಿದ್ರಿ?"

"ನನ್ನ ಕೆಲಸ ಹೋಗೋದ್ರಲ್ಲಿತ್ತು ರೀ!"

ಅವನ ಮುಖ ಬಿಳುಚಿತು. "ಕೆಲಸಾನಾ? ನೀವು ಬರೀ ತಲೆನೋವು ಅಂದಿದ್ರಿ... ಛೆ. ದೊಡ್ಡ ತಪ್ಪು ಮಾಡಿದೆ. ಬೈರಿ."

ದಾರಿಯುದ್ದಕ್ಕೂ ಅವಳು ಹೊಂದಿಸಿಕೊಂಡಿದ್ದ ಬೈಗುಳ ಒಂದು ಲಾರಿ ಲೋಡಿನಷ್ಟಿತ್ತು. ನಾಲಿಗೆಗೆ ಬಂದದ್ದು ಇಷ್ಟೇ: "ಬಾಯಿಬಿಟ್ಟು ಕೇಳೋಕೆ ಏನಾಗಿತ್ತು?"

"ಹೆದರಿಕೆ. ಇದೂ ಹಿಡಿಸಲಿಲ್ಲ ಅಂತ ನನ್ನೂ ವಾಪಸ್ ಕೊಟ್ಟುಬಿಟ್ರೆ?"

ಹಾಳಾದ ನಗು ಸಿಟ್ಟಿನ ನಡುವೆಯೇ ನುಸುಳಿತು. ತುಟಿ ಕಚ್ಚಿ ತಡೆದಳು.

"ಈ ಹೆಡ್‌ಫೋನ್ ಇಟ್ಕೋತೀನಿ. ಕನ್ನಡಕಾನೂ ಬದಲಾಯಿಸ್ತೀನಿ. ಇನ್ನು ಈ ಅಂಗಡಿ ಮೆಟ್ಟಿಲು ಹತ್ತಲ್ಲ."

ಅವನು ತಲೆ ತಗ್ಗಿಸಿದ.

"ನಾನು ಓಡಾಡಿದ್ದು ಸಾಕು, ಇನ್ನು ನೀವು ಓಡಾಡಿ. ಐಸ್‌ಕ್ರೀಮ್ ಗೋದಾಮಿನ ಮೇಲಿನ ಮನೆ. ಮೊದಲು ಚಿಕ್ಕಮ್ಮನಿಗೆ ಉತ್ತರ ಹೇಳಬೇಕು, ನೆನಪಿರಲಿ."

ಎಂದವಳೇ ಹೊರಟಳು. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದೆ ಧಡಾರನೆ ಷಟರ್ ಎಳೆದ ಸದ್ದು. ಬಿರುಬಿಸಿಲ ಮಧ್ಯಾಹ್ನ, ವ್ಯಾಪಾರದ ಹೊತ್ತಿನಲ್ಲಿ!

"ಈಗಲೇ?" ಅವಳು ತಿರುಗಿದಳು.

"ಮತ್ತೆ?" ಅವನು ಏದುಸಿರು ಬಿಡುತ್ತ ಪಕ್ಕಕ್ಕೆ ಬಂದ. "ಕನ್ನಡಕದ ಅಂಗಡಿ ದಾರೀಲೇ ಇದೆ. ನಡೀರಿ."