ಗುಡ್ಡದಲ್ಲಿ ನಿಂತ ಕರೆಂಟ್ ಬಸ್ಸು

"ಯಾರ್ರೀ ಎಸಿ ಆಫ್ ಮಾಡಿದ್ದು?"

ಹಾಗೆಂದು ಡ್ರೈವರ್ ಸೀಟಿನ ಪಕ್ಕ ಬಂದು ನಿಂತವನು ಡಿಪೋಗೆ ಹೊಸದಾಗಿ ಬಂದ ಚಾರ್ಜಿಂಗ್ ಇಂಜಿನಿಯರ್. ಸ್ಟೇರಿಂಗ್ ಹಿಡಿದು ಕೂತವಳು, ಗುಡ್ಡದ ರೂಟಿನ ಜನರೆಲ್ಲ 'ಕರೆಂಟಕ್ಕ' ಎಂದು ಕರೆಯುವ ನಮ್ಮ ಹುಡುಗಿ.

"ನಾನೇ. ಏನೀಗ?"

"ಜನ ಬೆಂದು ಹೋಗ್ತಿದ್ದಾರೆ!"

"ಗುಡ್ಡ ಹತ್ತೋಕೆ ಬ್ಯಾಟರಿ ಉಳೀಬೇಕಲ್ಲ? ನನ್ನ ಬಸ್ಸು ಇವತ್ತಿನವರೆಗೂ ದಾರೀಲಿ ನಿಂತಿಲ್ಲ, ತಿಳ್ಕೊಳ್ಳಿ!"

ಮುಂದಿನ ಸೀಟಿನ ಅಜ್ಜಿ ನಕ್ಕಳು. "ವಾದ ಬೇಡಪ್ಪ, ಇಳಿಸಿ ಹೋಗ್ತಾಳೆ!"

ಅವನೂ ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು. ಮನೆಗೆ ಹೋದ ಮೇಲೂ ಆ ನಗು ಬೆನ್ನು ಬಿಡಲಿಲ್ಲ, ಅದು ಬೇರೆ ಮಾತು!

ಅವಳ ಮನೆ ಗುಡ್ಡದ ಮೇಲಿನ ಕೊನೆಯ ಸ್ಟಾಪಿನ ಎದುರಿಗೇ. ಡೀಸೆಲ್ ಬಸ್ಸುಗಳ ಹೊಗೆ ನಿಂತ ಮೇಲೆಯೇ ಅಮ್ಮ ಕೆಮ್ಮದೆ ನಿದ್ದೆ ಮಾಡಲು ಶುರುಮಾಡಿದ್ದು. ಹಾಗಾಗಿ ಕರೆಂಟ್ ಬಸ್ಸು ಅವಳಿಗೆ ಬರೀ ನೌಕರಿಯಲ್ಲ, ಹಠ.

ಇಂಜಿನಿಯರ್ ದಿನವೂ ಅದೇ ಬಸ್ಸು ಹತ್ತತೊಡಗಿದ. ಜಗಳ ಹೋಗಿ ಹರಟೆಯಾಯಿತು. ಅವನು ಬಾರದ ದಿನ ಅವಳ ಕಣ್ಣು ಕನ್ನಡಿಯಲ್ಲಿ ಅವನನ್ನೇ ಹುಡುಕುತ್ತಿತ್ತು...

ಅಷ್ಟರಲ್ಲಿ ಸಿಡಿಲಿನಂಥ ಸುದ್ದಿ! ಬೇರೆ ಡ್ರೈವರ್‌ಗಳ ಬಸ್ಸುಗಳು ಗುಡ್ಡದಲ್ಲಿ ನಿಲ್ಲುತ್ತಿವೆಯಂತೆ. ಮತ್ತೆ ಡೀಸೆಲ್ ಬಸ್ಸೇ ಬರುತ್ತದಂತೆ. ವರದಿ ಕೊಟ್ಟವನು ಇಂಜಿನಿಯರ್!

ಅವಳು ನೇರ ಚಾರ್ಜಿಂಗ್ ಶೆಡ್ಡಿಗೆ ನುಗ್ಗಿದಳು.

"ಬೆನ್ನಿಗೆ ಚೂರಿ ಹಾಕೋಕೇನಾ ದಿನಾ ನನ್ನ ಬಸ್ಸು ಹತ್ತಿದ್ದು?"

"ನಾನು ಕೇಳಿದ್ದು ಗುಡ್ಡದ ಮೇಲೊಂದು ಚಾರ್ಜರ್ ರೀ! ಡಿಪೋ ಮ್ಯಾನೇಜರ್ ಏನಂದ್ರು ಗೊತ್ತಾ? 'ಕರೆಂಟಕ್ಕನ ಬಸ್ಸು ನಿಲ್ಲಲ್ವಲ್ಲ, ಚಾರ್ಜರ್ ಯಾಕೆ? ಓಡಿಸೋಕೆ ಬರದವರಿಗೆ ಡೀಸೆಲ್ ಕೊಡಿ' ಅಂದ್ರು. ನೀವು ಎಸಿ ಆಫ್ ಮಾಡಿ ಗೆದ್ದಿದ್ದೇ ನಮಗೆ ಮುಳುವಾಯ್ತು!"

"ಇದನ್ನ ನನಗ್ಯಾಕೆ ಹೇಳಲಿಲ್ಲ?"

"ಬಸ್ಸು ನಿಂತಿಲ್ಲ ಅನ್ನುವಾಗ ನಿಮ್ಮ ಮುಖದಲ್ಲಿ ಎಂಥಾ ಖುಷಿ ಇರುತ್ತೆ... ಹೇಳೋಕೆ ಬಾಯಿ ಬರಲಿಲ್ಲ."

'ಅಯ್ಯೋ... ನನ್ನ ಹಠಾನೇ ಅಮ್ಮನಿಗೆ ಕುತ್ತು ತಂತಾ?' ಅವಳಿಗೆ ಅಳು ಬಂತು. ಅತ್ತು ಕೂರುವವಳಲ್ಲ. ಸೀದಾ ಮ್ಯಾನೇಜರ್ ಮುಂದೆ ಹೋಗಿ ನಿಂತಳು.

"ನಾಳೆ ನನ್ನ ಬಸ್ಸಲ್ಲಿ ಬನ್ನಿ ಸಾರ್!"

ಮರುದಿನ ಮ್ಯಾನೇಜರ್ ಬಂದು ಕೂತರು, ಜೊತೆಗೆ ಇಂಜಿನಿಯರೂ. ಅವಳು ಎಸಿ ಪೂರ್ತಿ ಹಾಕಿದಳು. ಬಸ್ಸು ತುಂಬಿ ತುಳುಕುತ್ತಿತ್ತು. ಅರ್ಧ ಗುಡ್ಡಕ್ಕೆ ಬ್ಯಾಟರಿಯ ಕೆಂಪು ದೀಪ ಹತ್ತಿತು. ಅವಳು ಬಸ್ಸನ್ನು ನಡುದಾರಿಯ ಒಂದು ಸ್ಟಾಪಿನ ಪಕ್ಕಕ್ಕೆ ತಂದು ನಿಲ್ಲಿಸಿದಳು. ಮೊದಲ ಸಲ ಅವಳ ಬಸ್ಸು ದಾರಿಯಲ್ಲಿ ನಿಂತಿತು. ಕಣ್ಣು ತುಂಬಿ ಬಂದರೂ ತಲೆ ತಗ್ಗಿಸಲಿಲ್ಲ.

"ನಿನ್ನ ಕೈಲೂ ನಿಂತೋಯ್ತಲ್ಲಮ್ಮ!"

"ಹೌದು ಸಾರ್. ಜನರನ್ನ ಬೇಯಿಸದೆ ಓಡಿಸಿದ್ರೆ ಯಾರ ಕೈಲಾದ್ರೂ ನಿಲ್ಲುತ್ತೆ. ತಪ್ಪು ಡ್ರೈವರ್‌ಗಳದ್ದಲ್ಲ. ಚಾರ್ಜರ್ ಹಾಕಿಸಿ! ಡೀಸೆಲ್ ಬಸ್ಸು ತಂದ್ರೆ ರಸ್ತೆಗೆ ಅಡ್ಡ ಮಲಗ್ತೀನಿ!"

"ನಾನೂ ಮಲಗ್ತೀನಿ," ಎಂದಳು ಅಜ್ಜಿ. "ದಿಂಬು ತರ್ತೀನಿ!"

ಇಡೀ ಬಸ್ಸು ಹೋ ಎಂದಿತು. ಮ್ಯಾನೇಜರ್ ಬೆವರು ಒರೆಸಿಕೊಂಡರು, ಎಸಿ ಇದ್ದರೂ! "ಆಯ್ತಮ್ಮ, ಹಾಕಿಸ್ತೀನಿ," ಎಂದು ಅಲ್ಲಿಂದಲೇ ಮೇಲಿನವರಿಗೆ ಫೋನ್ ಮಾಡಿದರು.

ಮ್ಯಾನೇಜರೂ ಜನರೂ ಇಳಿದು ಹೋದರು. ಕಂಡಕ್ಟರ್ ಕೆಳಗಿಳಿದು ಡಿಪೋಗೆ ಫೋನ್ ಹಚ್ಚಿದ; ಒಳಗೆ ಇಂಜಿನಿಯರ್ ಮಾತ್ರ ಉಳಿದ.

"ಬೇಜಾರಾಯ್ತಾ?"

"ಆಗಲ್ವಾ? ಇನ್ಮೇಲೆ ಏನಂತ ಜಂಬ ಕೊಚ್ಚಿಕೊಳ್ಳಲಿ?"

"ನನಗೆ ಇಷ್ಟ ಆಗಿದ್ದು ನಿಲ್ಲದ ಬಸ್ಸಲ್ಲ ರೀ... ನೀವು."

ಅವಳ ಎದೆ ಡವಡವ ಎಂದಿತು. ಆದರೂ ಗತ್ತು ಬಿಡಲಿಲ್ಲ.

"ಈ ಮಾತನ್ನ ನಮ್ಮಮ್ಮನ ಮುಂದೆ ಹೇಳೋ ಧೈರ್ಯ ಇದ್ಯಾ?"

"ಈಗಲೇ ಬರ್ತೀನಿ. ಆದ್ರೆ... ಬಸ್ಸು?"

"ಕಂಡಕ್ಟರಣ್ಣ ನೋಡ್ಕೋತಾರೆ. ಅದೇನೂ ಓಡಿಹೋಗಲ್ಲ..." ಅವಳು ಅವನ ಕೈ ಹಿಡಿದಳು. "ನೀವು ಓಡಿಹೋಗದಿದ್ರೆ ಸಾಕು!"